ದೂರದರ್ಶನದ ಸ್ವತಂತ್ರ ಕಂತು: ಯೋಜನೆಯನ್ನು ಕುರಿತ ಕೆಲವು ವಿಚಾರಗಳು

ನಾಟಕವನ್ನು ಕುರಿತು ನಮ್ಮಲ್ಲಿ ಸಾಕಷ್ಟು ವಿಮರ್ಶೆ ಬೆಳೆದಿದೆ. ಚಲನಚಿತ್ರವನ್ನು ಕುರಿತೂ ಅಷ್ಟಿಷ್ಟು ಇದೆ. ದೂರದರ್ಶನದ ಕಂತನ್ನು ಮಾತ್ರ ವಿದ್ವಾಂಸರು ಗಂಭೀರವಾಗಿ ಪರಿಗಣಿಸಿರುವುದು ವಿರಳ. ಈ ಅನಾದರಕ್ಕೆ ಕಾರಣಗಳಿಲ್ಲದಿಲ್ಲ. ಆದರೂ 1981ರಲ್ಲಿ ಬೆಂಗಳೂರು ಕೇಂದ್ರ ಪ್ರಾರಂಭವಾದಂದಿನಿಂದ ಕ್ರಮೇಣ ಹಳ್ಳಿಯ ಮನೆಮನೆಯಲ್ಲೂ ನಾಟಕದ ಸ್ಥಾನವನ್ನು ಆಕ್ರಮಿಸಿಕೊಂಡಿರುವ ಪ್ರಕಾರವೊಂದನ್ನು ಮೀಮಾಂಸೆಯ ಹೊರಗಿಡುವುದು ಉಚಿತವಲ್ಲವೆಂದು ನಾವು ಭಾವಿಸುತ್ತೇವೆ. ಇಲ್ಲಿ ವಿವೇಚಿಸಹೊರಟಿರುವುದು ಸಿದ್ಧವಾದ ಕೃತಿಯನ್ನಲ್ಲ, ಕೃತಿಗೆ ಮುಂಚಿನ ಯೋಜನೆಯನ್ನು. ನಿದರ್ಶನಕ್ಕಾಗಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಸೀಮೆಯನ್ನೂ ಅಲ್ಲಿನ ಕಾಡುಗೊಲ್ಲರು ಹಾಡಿಕೊಂಡು ಬಂದಿರುವ ಜುಂಜಪ್ಪನ ಕಥೆಯನ್ನೂ ಆರಿಸಿಕೊಂಡಿದ್ದೇವೆ.

‘ಸ್ವತಂತ್ರ’ ಎಂಬ ಮಾತಿಗೆ ಮೊದಲು ಅರ್ಥ ಹೇಳಬೇಕು. ಶಂಕರ್ ನಾಗ್ ಅವರು ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ ಆರ್. ಕೆ. ನಾರಾಯಣರ ಕಥೆಗಳ ರೂಪಾಂತರ. ಸದಾನಂದ ಸುವರ್ಣರ ‘ಗುಡ್ಡದ ಭೂತ’ಕ್ಕೆ ತುಳು ನಾಟಕವೊಂದು ಆಧಾರ. ಇವೆರಡೂ ನಮ್ಮ ಮೆಚ್ಚುಗೆಗೆ ಪಾತ್ರವಾದವು; ಆದರೆ ಎರಡರಲ್ಲೂ ಕಥಾಶರೀರ ಮೊದಲೇ ಸಿದ್ಧವಾಗಿದ್ದಿತು. ಜುಂಜಪ್ಪನ ಕಥೆಯೂ ಸಿದ್ಧವಾಗಿಯೇ ಇದೆಯಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ನಿಜ, ಕಥೆ ಇದೆ. ಆದರೆ ಅದು ಇರುವುದು ಹಾಡುವವನ ಉಸಿರಿನಲ್ಲಿ. ಅದನ್ನು ಪುಸ್ತಕದಿಂದ ಎತ್ತಿಕೊಂಡರೆ ರೂಪಾಂತರವಾಗುತ್ತದೆ. ಹಾಡುವ ಕ್ರಿಯೆಯನ್ನೇ ವಸ್ತುವಾಗಿ ಹಿಡಿದರೆ ಸ್ವತಂತ್ರ ಕಂತಾಗುತ್ತದೆ. ನಮ್ಮ ಒಲವು ಎರಡನೆಯದರ ಕಡೆಗೆ.

ಯೋಜಕರು ಸಾಮಾನ್ಯವಾಗಿ ಎಡವುವುದು ಕಾಲಪ್ರಮಾಣದಲ್ಲಿ. ಅರ್ಧ ಗಂಟೆಯ ಅವಧಿ, ಅದರಲ್ಲಿ ಜಾಹೀರಾತುಗಳನ್ನು ಕಳೆದರೆ 22 ನಿಮಿಷ. ಇಷ್ಟರೊಳಗೆ ದನಗಾಹಿ ವೀರನೊಬ್ಬನ ಜನನದಿಂದ ದೈವತ್ವದವರೆಗಿನ ವೃತ್ತಾಂತವನ್ನು ತುಂಬಲು ಹೊರಡುತ್ತಾರೆ. ಆಗ ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣವೆಂಬ ಪಂಚಸಂಧಿಗಳ ಜಾಗದಲ್ಲಿ ಜಾಹೀರಾತಿನ ಎರಡು ಸಂಧಿಗಳು ಮಾತ್ರ ಉಳಿಯುತ್ತವೆ! ರಾತ್ರಿಯಿಡೀ ನಡೆಯಬಲ್ಲ ಗಾಯನವನ್ನು ಹೀಗೆ ಕುಗ್ಗಿಸುವುದು ಸಂಗ್ರಹವಲ್ಲ, ಭಂಗ. ವೇಷ ಹಾಕಿದ ನಟನೊಬ್ಬನನ್ನು ಜುಂಜಪ್ಪನೆಂದು ನಿಲ್ಲಿಸುವುದೂ ಅನುಚಿತ. ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಗುಡ್ಡೆಗೆ ಹರಕೆ ಹೊತ್ತು ಬರುವವರಿಗೆ ಅವನು ಪಾತ್ರವಲ್ಲ, ದೈವ. ಒಬ್ಬ ಗಾಯಕ, ಒಂದು ಹಟ್ಟಿ, ಒಂದು ರಾತ್ರಿ, ಕಥೆಯ ಒಂದೇ ಪ್ರಸಂಗ: ಇಷ್ಟು ಸಾಕು.

ಗಣೆಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಗಣೆ ಉದ್ದನೆಯ ಬಿದಿರಿನ ಕೊಳಲು. ಗಾಯಕ ಅದನ್ನು ಊದುತ್ತಾನೆ, ನಿಲ್ಲಿಸಿ ಹಾಡುತ್ತಾನೆ, ಮತ್ತೆ ಊದುತ್ತಾನೆ. ಒಂದೇ ಉಸಿರು ನಾದವಾಗಿಯೂ ನುಡಿಯಾಗಿಯೂ ಹಂಚಿಹೋಗುತ್ತದೆ. ನುಡಿಗೂ ನಾದಕ್ಕೂ ನಡುವಣ ಆ ಕ್ಷಣದ ಮೌನವೇ ಕಂತಿನ ಜೀವ. ಸಂಕಲನಕಾರ ಅದನ್ನು ಖಾಲಿ ಜಾಗವೆಂದು ತಿಳಿದು ಕತ್ತರಿಸಿದರೆ, ಅಥವಾ ಕೇಳುವವರ ಮುಖಗಳನ್ನು ಮೇಲಿಂದ ಮೇಲೆ ತುರುಕಿದರೆ, ಎಲ್ಲವೂ ಕೆಟ್ಟಿತು. ಆದುದರಿಂದ ಯೋಜನೆಯ ಮೊದಲ ಹಾಳೆಯಲ್ಲಿ ಕ್ಯಾಮೆರಾಗಳ ಸಂಖ್ಯೆಗಿಂತ ಮುಂಚೆ ಧ್ವನಿಗ್ರಹಣದ ವ್ಯವಸ್ಥೆ ಬರಬೇಕು. ಬಯಲಿನ ಗಾಳಿಯಿಂದ ಮೈಕಿಗೆ ರಕ್ಷಣೆ ಬೇಕು. ದೀಪಗಳ ಜನರೇಟರು ಹಟ್ಟಿಯಿಂದ ಬಹು ದೂರದಲ್ಲಿರಬೇಕು.

ಸ್ಥಳದ ಬಗ್ಗೆ ಎರಡು ಮಾತು. ಮಧುಗಿರಿಯ ಏಕಶಿಲೆಯ ಬೆಟ್ಟವನ್ನು ಕಂಡ ಯಾವ ಛಾಯಾಗ್ರಾಹಕನೂ ಸುಮ್ಮನಿರಲಾರ. ಶಿರಾದ ಮಲಿಕ್ ರಿಹಾನನ ಗೋರಿಯೂ ಅವನನ್ನು ಕರೆಯುತ್ತದೆ. ಇವು ಸುಂದರವೆಂಬುದರಲ್ಲಿ ಸಂದೇಹವಿಲ್ಲ, ಆದರೆ ಇವು ಆಳಿದವರ ಗುರುತುಗಳು. ದನ ಕಾಯುವವನ ಕಣ್ಣು ಹುಲ್ಲನ್ನೂ ನೀರನ್ನೂ ಹುಡುಕುತ್ತದೆ, ಕೋಟೆಯನ್ನಲ್ಲ. ಸಂಭಾಷಣೆಯ ವಿಷಯವೂ ಹಾಗೆಯೇ. ಬಹುಭಾಗ ಆಂಧ್ರದಿಂದ ಸುತ್ತುವರಿದ ಪಾವಗಡದಲ್ಲಿ ಕನ್ನಡದೊಡನೆ ತೆಲುಗು ಸಹಜವಾಗಿ ಬೆರೆಯುತ್ತದೆ. ಅದನ್ನು ಬೆಂಗಳೂರಿನ ಕನ್ನಡಕ್ಕೆ ತಿದ್ದುವುದು ಪಾತ್ರದೌಚಿತ್ಯಕ್ಕೆ ವಿರುದ್ಧ.

1975ರಿಂದ 76ರವರೆಗೆ ನಡೆದ ಉಪಗ್ರಹ ದೂರದರ್ಶನ ಪ್ರಯೋಗ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳನ್ನು ಮುಟ್ಟಿತು. ಕರ್ನಾಟಕದಲ್ಲಿ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳು ಅದರಲ್ಲಿದ್ದವು. ಅದೇ ಕಾಲದಲ್ಲಿ ಗುಜರಾತಿನ ಖೇಡಾದಲ್ಲಿ ಇನ್ನೊಂದು ದಾರಿಯನ್ನು ಹಿಡಿದರು: ಸಮಾಜವಿಜ್ಞಾನಿಗಳು ಮೊದಲು ಹಳ್ಳಿಗೆ ಹೋದರು, ಹಳ್ಳಿಯವರೇ ಕಾರ್ಯಕ್ರಮಗಳಲ್ಲಿ ಪಾಲುಗೊಂಡರು. ನಮ್ಮ ನಿರ್ಮಾಪಕರು ಖೇಡಾವನ್ನು ಇಷ್ಟು ಬೇಗ ಮರೆತದ್ದು ವಿಷಾದದ ಸಂಗತಿ.

ಅದನ್ನು ನೆನೆಯಲು ಇಲ್ಲಿ ವಿಶೇಷ ಕಾರಣವಿದೆ. ಕೆಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದ ಹೆಂಗಸರನ್ನೂ ಬಾಣಂತಿಯರನ್ನೂ ಹಟ್ಟಿಯ ಹೊರಗೆ ಗುಡಿಸಲಿನಲ್ಲಿರಿಸುವ ಪದ್ಧತಿ ಕಂಡುಬಂದಿದೆ. ಇಂಥ ಬಲವಂತವನ್ನು ನಿಷೇಧಿಸುವ ಕಾಯಿದೆಯನ್ನು ರಾಜ್ಯ 2017ರಲ್ಲಿ ರಚಿಸಿದೆ. ಗಣೆಯ ಇಂಪನ್ನಷ್ಟೇ ತೋರಿಸಿ ಗುಡಿಸಲನ್ನು ಬಿಟ್ಟರೆ ಕಂತು ಸುಳ್ಳಾಗುತ್ತದೆ. ಗುಡಿಸಲನ್ನೇ ಪ್ರದರ್ಶನಕ್ಕಿಟ್ಟರೆ ಹಟ್ಟಿ ಬಾಗಿಲು ಮುಚ್ಚುತ್ತದೆ, ಅದೂ ನ್ಯಾಯವಾಗಿಯೇ. ಈ ತೊಡಕನ್ನು ಚಿತ್ರೀಕರಣದ ದಿನ ಬಿಡಿಸಲಾಗದು. ತಿಂಗಳುಗಳ ಮುಂಚೆಯೇ, ಕ್ಯಾಮೆರಾ ಇಲ್ಲದೆ, ಲೇಖಕನೊಡನೆ ಲೇಖಕಿಯೊಬ್ಬಳೂ ಹೋಗಿ ಆ ಹೆಂಗಸರೊಡನೆ ಮಾತನಾಡಬೇಕು. ರಾತ್ರಿಯ ಹಾಡು ಆ ಗುಡಿಸಲಿನೊಳಗೆ ಹೇಗೆ ಕೇಳಿಸುತ್ತದೆಂಬುದನ್ನು ಅವರ ಬಾಯಿಂದಲೇ ಕೇಳಿ, ಅವರು ಒಪ್ಪಿದಷ್ಟನ್ನು ಮಾತ್ರ ಕಥನಕ್ಕೆ ತೆಗೆದುಕೊಳ್ಳಬೇಕು. ಗಾಯಕನ ಹೆಸರು ಲೇಖಕರ ಹೆಸರಿನ ಸಾಲಿನಲ್ಲೇ ಬರಬೇಕು. ಅವನ ಸಂಭಾವನೆಯನ್ನು ಮುಂಗಡಪತ್ರದಲ್ಲಿ ಊಟ, ವಾಹನಗಳ ಕೆಳಗೆ ಬರೆಯಬಾರದು.