ಗಣಿಯೂರಿನ ಸ್ಮರಣಲೇಖನಗಳು

ಕೋಲಾರದ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಚಾಂಪಿಯನ್ ರೀಫ್, ಮಾರಿಕುಪ್ಪಂ, ಉರಿಗಾಂ ಪೇಟೆಗಳನ್ನು ತೊರೆದುಹೋದವರ ಸ್ಮರಣಲೇಖನಗಳು ಈಗ ಹೇರಳ. ಇವುಗಳ ಗುಣವೂ ದೋಷವೂ ಒಂದೇ ಮೂಲದವು: ಬರೆಯುವವರು ಬಹುಮಟ್ಟಿಗೆ ಬಾಲ್ಯದ ಕಣ್ಣಿನಿಂದಲೇ ನೋಡುತ್ತಾರೆ. ಬಂಗಲೆಯ ಹೂದೋಟ, ಕ್ಲಬ್ಬಿನ ಸಂಜೆ, ಗಣಿಯ ಕೂಗು ಸೊಗಸಾಗಿ ಮೂಡುತ್ತವೆ. 1902ರಲ್ಲಿಯೇ ಶಿವನಸಮುದ್ರದಿಂದ ವಿದ್ಯುಚ್ಛಕ್ತಿ ಬಂದ ಹೆಮ್ಮೆಯನ್ನಂತೂ ಬಿಟ್ಟವರು ವಿರಳ. ಅದು ಬಂದುದು ಯಂತ್ರಗಳಿಗಾಗಿ, ಕೂಲಿಯವರ ಸಾಲುಮನೆಗಳಿಗಾಗಿ ಅಲ್ಲವೆಂಬುದು ಮಾತ್ರ ಲೇಖನಿಗೆ ಸಿಕ್ಕುವುದಿಲ್ಲ.

ಸಯನೈಡ್ ದಿಣ್ಣೆಗಳ ವಿಷಯದಲ್ಲಿಯೂ ಹೀಗೆಯೇ. ಮಕ್ಕಳು ಹತ್ತಿ ಜಾರಿದ ಸಂತೋಷವು ಪುಟ ತುಂಬುತ್ತದೆ. ಗಾಳಿಯ ಕಾಲದಲ್ಲಿ ಆ ಧೂಳು ಯಾರ ಅನ್ನದ ತಟ್ಟೆಯ ಮೇಲೆ ಬಿದ್ದಿತೋ ಅದು ಒಂದು ವಾಕ್ಯಕ್ಕೂ ಬರುವುದಿಲ್ಲ. ನೆಲದಡಿ ಮೂರು ಕಿಲೋಮೀಟರಿಗೂ ಮಿಕ್ಕ ಆಳದಲ್ಲಿ ಬಂಡೆ ಸಿಡಿದರೆ ಮೇಲಿನ ಮನೆಗಳೂ ನಡುಗುತ್ತಿದ್ದವು. ಆ ನಡುಕವನ್ನು ಬಂಗಲೆಯ ಮಗುವು ಕೌತುಕವೆಂದು ಬರೆದರೆ, ಸಾಲುಮನೆಯ ಹೆಂಗಸು ಗಂಡನ ಪಾಳಿಯನ್ನು ಎಣಿಸುತ್ತಿದ್ದಳು. ಈ ಎರಡನೆಯ ನಡುಕವಿಲ್ಲದ ಬರಹವು ಎಷ್ಟೇ ಇಂಪಾಗಿರಲಿ, ಅರ್ಧ ಊರಿನದು.

ತಮಿಳು, ತೆಲುಗು ಸೀಮೆಗಳಿಂದ ಬಂದು ಇಳಿದವರ ಮಾತು ಕನ್ನಡಕ್ಕೆ ಬರಬೇಕಾಗಿದೆ. ಹಟ್ಟಿಯಲ್ಲಿ ಇಂದಿಗೂ ಚಿನ್ನ ತೆಗೆಯುತ್ತಿರುವ ರಾಯಚೂರು ಸೀಮೆಗೆ, ಕವಿತಾಳ ಮಾನ್ವಿಗಳ ಓದುಗರಿಗೆ, ಅದು ಪರರ ಕಥೆಯಲ್ಲ.