ಊತವನ್ನು ಕಂಡ ಕಣ್ಣು, ಕಾಣದೆ ಹೋದ ಕೇಡು

ಮೈಯಲ್ಲಿ ನೀರು ತುಂಬುವ ಕಾಯಿಲೆಯ ಲಕ್ಷಣಗಳನ್ನು ಚೀನೀ ವೈದ್ಯದ ಮೂಲಗ್ರಂಥ 'ಹುವಾಂಗ್‌ಡಿ ನೈಜಿಂಗ್' ಕಾಲಿನಿಂದಲ್ಲ, ಕಣ್ಣಿನಿಂದ ಶುರು ಮಾಡುತ್ತದೆ. ಆಗಷ್ಟೇ ನಿದ್ದೆಯಿಂದ ಎದ್ದವರ ಹಾಗೆ ರೆಪ್ಪೆ ತುಸು ಉಬ್ಬುವುದು, ಕುತ್ತಿಗೆಯ ನಾಡಿ ಎದ್ದು ಕಾಣುವಂತೆ ಮಿಡಿಯುವುದು, ಆಗಾಗ ಕೆಮ್ಮು. ಕಾಲು ಊದಿ ಹೊಟ್ಟೆ ದೊಡ್ಡದಾಗುವುದು ಇದೆಲ್ಲ ಆದಮೇಲೆ. ಸುಮಾರು ಎರಡು ಸಾವಿರ ವರ್ಷದ ಹಿಂದೆ, ಸ್ಟೆತಸ್ಕೋಪು, ರಕ್ತಪರೀಕ್ಷೆ ಯಾವುದೂ ಇಲ್ಲದ ಕಾಲದಲ್ಲಿ ಬರೆದದ್ದು ಇದು. ಇಂದಿಗೂ ಹೃದ್ರೋಗ ತಜ್ಞರು ಊತವಿರುವ ರೋಗಿಯ ಕುತ್ತಿಗೆಯ ರಕ್ತನಾಳವನ್ನು ನೋಡದೆ ಬಿಡುವುದಿಲ್ಲ.

ಹಾನ್ ರಾಜವಂಶದ ಕೊನೆಗಾಲದ ಝಾಂಗ್ ಝೊಂಗ್‌ಜಿಂಗ್ ಇನ್ನೂ ಮುಂದೆ ಹೋದ. ಊತವನ್ನೆಲ್ಲ ಒಂದೇ ರೋಗವೆಂದು ಅವನು ಬಗೆಯಲಿಲ್ಲ. ಜ್ವರ, ಮೈನೋವಿನೊಂದಿಗೆ ದಿಢೀರನೆ ಬರುವುದು ಒಂದು ಬಗೆ, ಚರ್ಮದಡಿ ನೀರು ನಿಲ್ಲುವುದು ಇನ್ನೊಂದು, ಹೊಟ್ಟೆಯಲ್ಲಿ ಕಲ್ಲಿನಂತೆ ಗಟ್ಟಿಯಾಗಿ ಕೂರುವುದು ಮತ್ತೊಂದು. ಹೃದಯಕ್ಕೆ ಸಂಬಂಧಿಸಿದ ನೀರಿನ ಬಗ್ಗೆ ಹೇಳುವಾಗ ಮೈ ಭಾರ, ಉಸಿರು ಕಮ್ಮಿ, ಮಲಗಲಾಗದ ಸಂಕಟ ಎಂದು ಗುರುತಿಸಿದ್ದಾನೆ. ಹೃದಯ ಸೋತವರು ರಾತ್ರಿಯಿಡೀ ದಿಂಬಿಗೆ ಒರಗಿ ಕೂತೇ ಕಳೆಯುವುದನ್ನು ಕಂಡವರಿಗೆ ಈ ಮಾತಿನ ನಿಖರತೆ ತಟ್ಟನೆ ಗೊತ್ತಾಗುತ್ತದೆ. ಸೊಂಟದ ಮೇಲೆ ಊತವಿದ್ದರೆ ಬೆವರಿಸು, ಕೆಳಗಿದ್ದರೆ ಮೂತ್ರ ಹರಿಸು ಎಂಬುದು ಅವನ ಸೂತ್ರ. ಏಳನೇ ಶತಮಾನದ ಸುನ್ ಸಿಮಿಯಾವ್ ಇದಕ್ಕೆ ಉಪ್ಪು ಬಿಡುವ ಪಥ್ಯ ಸೇರಿಸಿದ. ಇಡೀ ಪರಂಪರೆಯಲ್ಲಿ ಯಾವ ತಕರಾರೂ ಇಲ್ಲದೆ ಒಪ್ಪಬಹುದಾದ ಸಲಹೆ ಇದು.

ಮುಂದೆ ಸಿದ್ಧಾಂತ ಗಟ್ಟಿಯಾದಂತೆ ನೋಟ ಕಿರಿದಾಯಿತು ಎಂದು ನನಗನ್ನಿಸುತ್ತದೆ. ನೀರನ್ನು ಶ್ವಾಸಕೋಶ ಕೆಳಗಿಳಿಸುತ್ತದೆ, ಗುಲ್ಮ ಸಾಗಿಸುತ್ತದೆ, ಮೂತ್ರಪಿಂಡ ಆಳುತ್ತದೆ, ಈ ಮೂರರಲ್ಲಿ ಒಂದು ಸೋತರೂ ಊತ. ಇಂದಿನ ಪಠ್ಯಗಳಲ್ಲೂ ವಿವರಣೆಯ ಬೆನ್ನೆಲುಬು ಇದೇ. ಅಂದವಾದ ಚೌಕಟ್ಟು ನಿಜ, ಆದರೆ ಝೊಂಗ್‌ಜಿಂಗ್ ಅಷ್ಟು ಚೆನ್ನಾಗಿ ಕಂಡಿದ್ದ ಹೃದಯ ಈ ಮುಖ್ಯ ಸಾಲಿನಲ್ಲಿಲ್ಲ. ಹದಿನಾಲ್ಕನೇ ಶತಮಾನದ ಝು ದಾನ್‌ಷಿ ಮಾಡಿದ ಯಾಂಗ್ ನೀರು, ಯಿನ್ ನೀರು ಎಂಬ ವಿಂಗಡಣೆ ಹಠಾತ್ ಊತವನ್ನೂ ದೀರ್ಘಕಾಲದ ಊತವನ್ನೂ ಬೇರ್ಪಡಿಸಲು ಅನುಕೂಲವೇ. ಕಾರಣ ಹೃದಯವೋ, ಯಕೃತ್ತೋ, ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿದೆಯೋ ಎಂಬುದನ್ನು ಮಾತ್ರ ಅದು ಹೇಳಲಾರದು.

ನನ್ನ ನಿಜವಾದ ಆಕ್ಷೇಪ ಇರುವುದು ಔಷಧಿಯ ಬಗ್ಗೆ. ಕೂಡಲೇ ಕಾಣುವ ವಿಷವನ್ನು ಈ ಪರಂಪರೆ ಚೆನ್ನಾಗಿ ಅರಿತಿತ್ತು. ನೀರನ್ನು ಭೇದಿ ಮಾಡಿಸಿ ಕಳೆಯುವ ಉಗ್ರ ಬೇರುಗಳನ್ನು ಕೊಡುವಾಗ ಜೊತೆಗೆ ಹತ್ತು ಬೋರೆಹಣ್ಣಿನ ಕಷಾಯ ಕೊಟ್ಟು ಹೊಟ್ಟೆಯನ್ನು ಕಾಯುತ್ತಿದ್ದರು. ವತ್ಸನಾಭದ ಜಾತಿಯ ಬೇರನ್ನು ಸಂಸ್ಕರಿಸಿ, ಹೊತ್ತುಗಟ್ಟಲೆ ಕುದಿಸಿದ ಮೇಲೆಯೇ ಬಳಸಬೇಕೆಂಬ ಕಟ್ಟಳೆಯಿದೆ. ಏಕೆಂದರೆ ಅದು ತಪ್ಪಿದರೆ ರೋಗಿ ಕಣ್ಣೆದುರೇ ಸಾಯುತ್ತಾನೆ. ವರ್ಷಗಟ್ಟಲೆ ಸದ್ದಿಲ್ಲದೆ ಕೊಲ್ಲುವ ಗಿಡಕ್ಕೆ ಇಂಥ ಕಟ್ಟಳೆ ಹುಟ್ಟಲಿಲ್ಲ.

ಊತಕ್ಕೆ ಕೊಡುವ ಬೇರುಗಳಲ್ಲಿ ಫಾಂಗ್‌ಜಿ ಮುಖ್ಯವಾದದ್ದು. ಅದೇ ಹೆಸರಿನಡಿ ಎರಡು ಬೇರೆ ಬೇರೆ ಕುಲದ ಗಿಡಗಳು ಮಾರಾಟವಾಗುತ್ತಿದ್ದವು. ಅವುಗಳಲ್ಲೊಂದು ಅರಿಸ್ಟೊಲೋಕಿಯಾ. 1990ರ ದಶಕದ ಆರಂಭದಲ್ಲಿ ಬ್ರಸೆಲ್ಸ್‌ನ ಒಂದು ಕ್ಲಿನಿಕ್ಕಿನಲ್ಲಿ ತೂಕ ಇಳಿಸಲು ಕೊಟ್ಟ ಮಾತ್ರೆಯಲ್ಲಿ ಈ ಬೇರು ಸೇರಿಹೋಗಿ, ನೂರಕ್ಕೂ ಹೆಚ್ಚು ಜನರ ಮೂತ್ರಪಿಂಡ ಹಾಳಾಯಿತು. ಹಲವರಿಗೆ ಡಯಾಲಿಸಿಸ್, ಮೂತ್ರಪಿಂಡದ ಕಸಿ ಬೇಕಾಯಿತು, ಕೆಲವರಿಗೆ ಆಮೇಲೆ ಮೂತ್ರನಾಳದ ಕ್ಯಾನ್ಸರ್ ಬಂತು. ಇದು ಯುರೋಪಿನವರ ದುರ್ಬಳಕೆ, ಶಾಸ್ತ್ರದ ತಪ್ಪಲ್ಲ ಎಂದು ಸಮರ್ಥಿಸುವವರಿದ್ದಾರೆ. ಆ ಸಮರ್ಥನೆ ನಿಲ್ಲುವುದಿಲ್ಲ. ಚೀನಾದಲ್ಲೇ ಮೂತ್ರ ಹರಿಸಲೆಂದು ಕೊಡುತ್ತಿದ್ದ ಗ್ವಾನ್ ಮುಟೊಂಗ್ ಕೂಡ ಅದೇ ಕುಲದ ಬಳ್ಳಿ. ಅದನ್ನು ಅಲ್ಲಿನ ಸರ್ಕಾರ 2003ರಲ್ಲಿ ನಿಷೇಧಿಸಿತು, ಮರುವರ್ಷ ಆ ಫಾಂಗ್‌ಜಿಯನ್ನೂ. ನಮ್ಮ ನಾಟಿವೈದ್ಯದಲ್ಲಿ ಬಳಸುವ ಈಶ್ವರಿ ಬಳ್ಳಿಯೂ ಇದೇ ಕುಲದ್ದು, ಹಾಗಾಗಿ ದೂರದೂರಿನ ಸುದ್ದಿ ಎಂದು ನಾವು ಸುಮ್ಮನಿರುವಂತಿಲ್ಲ.

ಅಷ್ಟು ಸೂಕ್ಷ್ಮವಾಗಿ ರೆಪ್ಪೆಯ ಉಬ್ಬನ್ನು ಕಂಡವರಿಗೆ ಈ ಕೇಡು ಯಾಕೆ ಕಾಣಲಿಲ್ಲ? ಮೂತ್ರಪಿಂಡ ಬಹುಪಾಲು ಸೋಲುವವರೆಗೂ ನೋಯುವುದಿಲ್ಲ, ನಾಡಿಯಲ್ಲಿ, ನಾಲಿಗೆಯ ಬಣ್ಣದಲ್ಲಿ ತನ್ನ ಸುದ್ದಿ ಹೇಳುವುದಿಲ್ಲ. ಮೊದಲೇ ಊತವಿದ್ದ ರೋಗಿ ಸೊರಗಿದರೆ ರೋಗ ಬಲಿತಿತು ಎನ್ನುವುದು ಸಹಜ, ಮದ್ದಿನ ಮೇಲೆ ಅನುಮಾನವೇ ಬರುವುದಿಲ್ಲ. ಬಹುಕಾಲದ ಬಳಕೆಯೇ ಸುರಕ್ಷತೆಯ ಸಾಕ್ಷಿ ಎಂಬ ವಾದ ಇಲ್ಲಿ ಪೂರ್ತಿ ಬಿದ್ದುಹೋಗುತ್ತದೆ. ಇನ್ನೊಂದು ಉದಾಹರಣೆ ಕೊಡುವುದಾದರೆ, ಊತದ ಪ್ರಸಿದ್ಧ ಕಷಾಯವೊಂದರಲ್ಲಿ ಫಾಂಗ್‌ಜಿಯ ಜೊತೆ ಅತಿಮಧುರವೂ ಇದೆ. ಹೆಚ್ಚು ದಿನ, ಹೆಚ್ಚು ಪ್ರಮಾಣದಲ್ಲಿ ತೆಗೆದುಕೊಂಡರೆ ಅತಿಮಧುರವೇ ದೇಹದಲ್ಲಿ ಉಪ್ಪು, ನೀರು ನಿಲ್ಲಿಸಿ ರಕ್ತದೊತ್ತಡ ಏರಿಸುತ್ತದೆ.

ಹಾಗೆಂದು ಇಡೀ ಮದ್ದಿನ ಪೆಟ್ಟಿಗೆಯನ್ನೇ ಎಸೆಯಬೇಕಿಲ್ಲ. ಹನ್ನೊಂದು ಮೂಲಿಕೆಗಳ ಚೀಲಿಚಿಯಾಂಗ್‌ಷಿನ್ ಕ್ಯಾಪ್ಸೂಲನ್ನು ಚೀನಾದ ವೈದ್ಯರು 3,100ಕ್ಕೂ ಹೆಚ್ಚು ಹೃದಯವೈಫಲ್ಯದ ರೋಗಿಗಳ ಮೇಲೆ ಪರೀಕ್ಷಿಸಿದರು. ಅರ್ಧದಷ್ಟು ಜನರಿಗೆ ಮದ್ದು, ಉಳಿದವರಿಗೆ ಹುಸಿಮಾತ್ರೆ. ಹೃದಯಕಾಯಿಲೆಯಿಂದ ಸತ್ತವರು ಅಥವಾ ಹೃದಯವೈಫಲ್ಯ ಉಲ್ಬಣಿಸಿ ಆಸ್ಪತ್ರೆ ಸೇರಿದವರು ನೂರಕ್ಕೆ ಸುಮಾರು 30ರಿಂದ 25ಕ್ಕೆ ಇಳಿದರು ಎಂದು 2024ರಲ್ಲಿ ವರದಿಯಾಯಿತು. ಎರಡೂ ಗುಂಪಿನವರು ಆಧುನಿಕ ಔಷಧಿಗಳನ್ನೂ ನುಂಗುತ್ತಿದ್ದರು, ಆದ್ದರಿಂದ ಆ ಔಷಧಿಗಳನ್ನು ಬಿಟ್ಟು ಇದನ್ನೇ ನೆಚ್ಚಿಕೊಳ್ಳಬಹುದೆಂದು ಈ ಫಲಿತಾಂಶ ಹೇಳುವುದಿಲ್ಲ. ಮೂತ್ರ ಹರಿಸಲು ಕೊಡುವ ಪ್ರತಿ ಹಳೆಯ ಕಷಾಯಕ್ಕೂ ಇಂಥದೇ ಪರೀಕ್ಷೆ ಆಗಬೇಕು. ಅಲ್ಲಿಯವರೆಗೆ, ಕಾಲು ಊದಿದೆ ಎಂದು ಬಂದವರ ರಕ್ತದ ಕ್ರಿಯಾಟಿನಿನ್, ಮೂತ್ರದ ಪ್ರೋಟೀನ್ ನೋಡದೆ ಯಾರೂ ಬೇರು ಕುದಿಸಿ ಕೊಡಬಾರದು.