ಥೆರಾಜ ಓದಿದ್ದೆ, ಮೋಟರ್ ಓದಿರಲಿಲ್ಲ

ಚಿಕ್ಕಪ್ಪನ ಮಗ ಸಿಇಟಿ ಕೌನ್ಸೆಲಿಂಗ್‌ನಲ್ಲಿದ್ದಾನೆ. "ಅಣ್ಣಾ, ಕಂಪ್ಯೂಟರ್ ಸೈನ್ಸ್ ಸಿಗಲ್ಲ ಅನ್ಸುತ್ತೆ. ಎಲೆಕ್ಟ್ರಿಕಲ್ ತಗೊಳ್ಲಾ?" ಅಂತ ಫೋನ್ ಮಾಡಿದ. ಎಲೆಕ್ಟ್ರಿಕಲ್ ಓದಿ ಸಾಫ್ಟ್‌ವೇರ್ ಕಂಪನಿಯಲ್ಲಿ ಕೂತಿರೋನನ್ನ ಕೇಳಬಾರದ ಪ್ರಶ್ನೆ ಅದು. "ನಾಳೆ ಹೇಳ್ತೀನಿ ಕಣೋ" ಅಂದು ಫೋನಿಟ್ಟೆ. ಆಮೇಲೆ ಅಟ್ಟದಿಂದ ಬಿ.ಎಲ್. ಥೆರಾಜ ಅವರ 'ಎ ಟೆಕ್ಸ್ಟ್‌ಬುಕ್ ಆಫ್ ಎಲೆಕ್ಟ್ರಿಕಲ್ ಟೆಕ್ನಾಲಜಿ'ಯ ಎರಡನೇ ಸಂಪುಟ ಇಳಿಸಿ ಧೂಳು ಕೊಡವಿದೆ.

ಈ ದೇಶದಲ್ಲಿ ಎಲೆಕ್ಟ್ರಿಕಲ್ ಓದಿದವರಿಗೆ ಈ ಪುಸ್ತಕದ ಪರಿಚಯ ಹೇಳಬೇಕಿಲ್ಲ. ಒಟ್ಟು ನಾಲ್ಕು ಸಂಪುಟ. ಎರಡನೆಯದು ಎಸಿ, ಡಿಸಿ ಯಂತ್ರಗಳದ್ದು. ಇದರ ದೊಡ್ಡ ಗುಣ ಅಂದ್ರೆ ಔದಾರ್ಯ. ಒಂದು ನಿಯಮ ಹೇಳುತ್ತದೆ, ಕೂಡಲೇ ಒಂದು ಲೆಕ್ಕ ಬಿಡಿಸಿ ತೋರಿಸುತ್ತದೆ, ಆಮೇಲೆ ಇನ್ನೊಂದು, ಮತ್ತೊಂದು. ಕನ್ನಡ ಮಾಧ್ಯಮದಿಂದ ಬಂದು ಇಂಗ್ಲಿಷ್ ವಾಕ್ಯಗಳಲ್ಲಿ ಎಡವುತ್ತಿದ್ದ ನನ್ನಂಥವನಿಗೆ ಆ ಅಂಕಿಗಳೇ ಊರುಗೋಲು. ನಾನು ಪಾಸಾದದ್ದೇ ಇದರಿಂದ. ಹಾಗಾಗಿ ಮುಂದೆ ಬರೆಯುವುದನ್ನು ಕೃತಘ್ನತೆ ಅಂದ್ಕೋಬೇಡಿ.

ಪುಟ ತಿರುವಿದರೆ ನನ್ನ ಪೆನ್ಸಿಲ್ ಗುರುತುಗಳು. ಎಲ್ಲವೂ ಬಿಡಿಸಿದ ಲೆಕ್ಕಗಳ ಪಕ್ಕದಲ್ಲೇ. ಯಂತ್ರ ಯಾಕೆ ಹೀಗೆ ವರ್ತಿಸುತ್ತೆ ಅಂತ ವಿವರಿಸುವ ಪುಟಗಳು ಅಂಗಡಿಯಿಂದ ತಂದ ದಿನದಷ್ಟೇ ಸ್ವಚ್ಛ. ಪರೀಕ್ಷೆಗೆ ಬರುತ್ತಿದ್ದದ್ದು ಲೆಕ್ಕ. ಹಾಗಾಗಿ ಪುಸ್ತಕವನ್ನು ನಾವು ಅಡುಗೆ ಪುಸ್ತಕದಂತೆ ಬಳಸಿದೆವು. ನಾನು ಬಿಡಿಸಿದ ಲೆಕ್ಕಗಳಲ್ಲಿ ಮೂರು ಫೇಸೂ ಸದಾ ಸಮಸಮ. ಯಾವ ಮೋಟರೂ ಸುಡಲಿಲ್ಲ.

ಸುಟ್ಟಿದ್ದು ಚಿಕ್ಕಪ್ಪನ ತೋಟದಲ್ಲಿ. ನಾನು ಡಿಗ್ರಿ ಮುಗಿಸಿದ ವರ್ಷ, ಬೇಸಿಗೆ. ಮೂರು ಎಚ್‌ಪಿ ಪಂಪ್‌ಸೆಟ್ ನಿಂತುಹೋಯಿತು. "ಇಂಜಿನಿಯರ್ ಬಂದವ್ನಲ್ಲ, ನೋಡಪ್ಪ" ಅಂದರು. ನಾನು ಸ್ಟಾರ್ಟರ್ ಡಬ್ಬಿ ತೆಗೆದೆ, ಮುಚ್ಚಿದೆ. ಕೊನೆಗೆ ಮೋಟರನ್ನು ವೈಂಡಿಂಗ್ ಅಂಗಡಿಗೆ ಹೊತ್ತೊಯ್ದೆವು. ಅಂಗಡಿಯವರು ಮುಚ್ಚಳ ಬಿಚ್ಚಿ, ಮೂಸಿ, ಒಂದೇ ನಿಮಿಷಕ್ಕೆ ಹೇಳಿದರು: "ಎರಡು ಫೇಸಿನ ಕಾಯಿಲ್ ಕರ್ರಗಾಗವೆ, ಒಂದು ನೆಟ್ಟಗೈತೆ. ಒಂದು ಫೇಸ್ ಹೋದಾಗ್ಲೂ ಓಡ್ಸಿದ್ದೀರ."

ಆಮೇಲೆ ಮನೆಗೆ ಬಂದು ಕಾಗದದ ಮೇಲೆ ಬರೆದು ನೋಡಿದೆ. ಸ್ಟಾರ್ ಜೋಡಣೆಯ ಮೋಟರ್ ಓಡುತ್ತಿರುವಾಗ ಒಂದು ಫೇಸ್ ಹೋದರೆ ಆ ಸುರುಳಿಯಲ್ಲಿ ಕರೆಂಟೇ ಇರಲ್ಲ. ನೀರೆತ್ತುವ ಭಾರ ಮಾತ್ರ ಹಾಗೇ ಇರುತ್ತದೆ. ಅದನ್ನು ಉಳಿದೆರಡು ಹೊರಬೇಕು, ಕರೆಂಟು ಸುಮಾರು 1.73 ಪಟ್ಟು ಏರುತ್ತದೆ. ಶಾಖ ಕರೆಂಟಿನ ವರ್ಗದಂತೆ ಏರುವುದರಿಂದ ಅದು ಮೂರು ಪಟ್ಟು. ಓವರ್‌ಲೋಡ್ ರಿಲೇ ಮೋಟರನ್ನು ನಿಲ್ಲಿಸಬೇಕಿತ್ತು. ಪದೇ ಪದೇ ಟ್ರಿಪ್ ಆಗುತ್ತೆ ಅಂತ ಚಿಕ್ಕಪ್ಪ ಅದರ ಸೆಟ್ಟಿಂಗನ್ನೇ ಏರಿಸಿಬಿಟ್ಟಿದ್ದರು. ಇಷ್ಟಕ್ಕೆ ಬೇಕಾದ ವಿದ್ಯೆಯೆಲ್ಲ ನನ್ನ ತಲೆಯಲ್ಲಿತ್ತು. ಸುಟ್ಟ ಮೋಟರನ್ನು ಮುಂದಿಟ್ಟು "ಯಾಕೆ?" ಅಂತ ನಾಲ್ಕು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

ಹಾಗಾದ್ರೆ ತಪ್ಪು ಪುಸ್ತಕದ್ದಾ? ಅರ್ಧ ಮಾತ್ರ. ಅಷ್ಟೊಂದು ಉತ್ತರಗಳನ್ನು ಕೈಗಿಟ್ಟರೆ ಪ್ರಶ್ನೆ ಹುಟ್ಟಲು ಜಾಗ ಉಳಿಯಲ್ಲ ಅನ್ನೋದು ನನ್ನ ತಕರಾರು. ಉಳಿದರ್ಧ ತರಗತಿಯದ್ದು. ಲ್ಯಾಬಿನಲ್ಲಿ ಸ್ವಿನ್‌ಬರ್ನ್ ಟೆಸ್ಟ್ ಮಾಡಿದೆವು. ರೀಡಿಂಗ್ ಹೊಂದದಿದ್ದರೆ ಸೀನಿಯರ್ ರೆಕಾರ್ಡಿನಿಂದ ಇಳಿಸಿದೆವು. 2012ರ ಜುಲೈ 30, 31ರಂದು ಉತ್ತರದ ಗ್ರಿಡ್ ಕುಸಿದು ಕೋಟ್ಯಂತರ ಜನ ಕತ್ತಲಲ್ಲಿದ್ದಾಗ ನಮ್ಮ ತರಗತಿಯಲ್ಲಿ ಎಂದಿನಂತೆ ಡಿಸಿ ಯಂತ್ರದ ಪಾಠ. ಇಲ್ಲಿ ಮಾತ್ರ ಕರೆಂಟ್ ಯಾಕಿದೆ ಅಂತ ಯಾರೂ ಕೇಳಲಿಲ್ಲ. ದಕ್ಷಿಣದ ಗ್ರಿಡ್ ಆಗಿನ್ನೂ ಉಳಿದ ದೇಶದ ಲಯಕ್ಕೆ ಜೋಡಣೆಯಾಗಿರಲಿಲ್ಲ. ಅದಾದದ್ದು 2013ರ ಡಿಸೆಂಬರ್ 31ರಂದು, ರಾಯಚೂರು–ಸೋಲಾಪುರ 765 ಕಿಲೋವೋಲ್ಟ್ ಮಾರ್ಗದ ಮೂಲಕ. ನಮ್ಮದೇ ರಾಯಚೂರು! ಇದು ನನಗೆ ತಿಳಿದದ್ದು ಕೆಲಸಕ್ಕೆ ಸೇರಿದ ಮೇಲೆ, ಒಂದು ಮಧ್ಯಾಹ್ನ ಸುಮ್ಮನೆ ಹುಡುಕುವಾಗ. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಸಿದ ನಾಡಿನಲ್ಲಿ ಈ ಕಥೆಗಳನ್ನು ಪಾಠ ಮಾಡದೆ ಎಲೆಕ್ಟ್ರಿಕಲ್ ಕಲಿಸುವುದಕ್ಕೆ ವಿಶೇಷ ಸಾಮರ್ಥ್ಯವೇ ಬೇಕು.

ಮರುದಿನ ತಮ್ಮನಿಗೆ ಫೋನ್ ಮಾಡಿದೆ. "ತಗೋ. ಆದ್ರೆ ಸಿಎಸ್ ಸಿಗಲಿಲ್ಲ ಅಂತ ತಗೋಬೇಡ. ಕಾಲೇಜು ಶುರುವಾಗೋವರೆಗೆ ದಿನಾ ಎರಡು ಗಂಟೆ ಆ ವೈಂಡಿಂಗ್ ಅಂಗಡೀಲಿ ಕೂತ್ಕೊಂಡು ಬಾ. ಬೇಜಾರಾದ್ರೆ ಬೇರೆ ಬ್ರಾಂಚ್ ನೋಡು."

"ಅವ್ರು ಕೂರಿಸ್ಕೊಳ್ತಾರಾ ಅಣ್ಣ?"

"ಕೇಳಿ ನೋಡು. ಥೆರಾಜ ಕೊಂಡ್ಕೋಬೇಡ, ನಂದೇ ಕೊಡ್ತೀನಿ. ಪೆನ್ಸಿಲ್ ಗುರುತಿಲ್ಲದ ಪುಟಗಳಿಂದ ಶುರು ಮಾಡು."